ಹಳೆಯ ಪಾಯಿಂಟ್ ಡಿಸಿಸಿಗೆ ಒಗ್ಗಬೇಕೆ? ಮೊದಲು ಹಳಿಗೆ ಗರಗಸ, ಡಿಕೋಡರ್ ಕೊನೆಗೆ

ಮಾಡೆಲ್ ರೈಲಿನ ಹವ್ಯಾಸ ಇರುವವರು ನನ್ನನ್ನು ಹೆಚ್ಚು ಕೇಳುವ ಪ್ರಶ್ನೆ ಇದು: "ಹಳೇ ಪಾಯಿಂಟ್ ಹಾಕಿದ್ದೀನಿ, ಹೊಸ ಡಿಕೋಡರ್ ಕೂಡ ತಂದೆ. ಆದ್ರೂ ಇಂಜಿನ್ ಪಾಯಿಂಟ್ ಮೇಲೆ ಬಂದ ಕೂಡಲೇ ಎಲ್ಲಾ ರೈಲೂ ನಿಂತುಬಿಡುತ್ತೆ. ಯಾಕೆ?"

ಪಾಯಿಂಟ್ ಎಂದರೆ ರೈಲನ್ನು ಒಂದು ದಾರಿಯಿಂದ ಇನ್ನೊಂದಕ್ಕೆ ತಿರುಗಿಸುವ ಹಳಿ. ಡಿಸಿಸಿ ಎಂದರೆ ಹಳಿಯ ಮೂಲಕವೇ ಡಿಜಿಟಲ್ ಆದೇಶ ಕಳಿಸುವ ಪದ್ಧತಿ. ಆ ಆದೇಶ ಓದಿ ಪಾಯಿಂಟಿನ ಮೋಟಾರನ್ನು ತಿರುಗಿಸುವುದು ಇಲ್ಲಿ ಹೇಳುವ ಡಿಕೋಡರ್.

ಉತ್ತರ ಹೆಚ್ಚುಕಡಿಮೆ ಯಾವಾಗಲೂ ಒಂದೇ. ತೊಂದರೆ ಇರುವುದು ಹಳಿಯಲ್ಲಿ. ದುಡ್ಡು ಸುರಿದದ್ದು ಡಿಕೋಡರ್‌ಗೆ. ಕೆಲಸದ ಕ್ರಮವೇ ತಲೆಕೆಳಗಾಗಿದೆ. ಪಾಯಿಂಟಿನೊಳಗೆ ಕರೆಂಟ್ ಹರಿಯುವ ದಾರಿಯನ್ನು ಮೊದಲು ಸರಿಮಾಡಬೇಕು. ಮೋಟಾರು, ಡಿಕೋಡರ್ ಎಲ್ಲ ಆಮೇಲೆ.

ಇಲ್ಲಿರುವ ಅಳತೆಗಳು ಎಚ್‌ಒ ಗಾತ್ರಕ್ಕೆ, ಅಂದರೆ 16.5 ಮಿ.ಮೀ. ಗೇಜಿಗೆ. ಇದಕ್ಕಿಂತ ಸಣ್ಣ ಎನ್ ಗಾತ್ರಕ್ಕೂ ಇದೇ ಕ್ರಮ ನಡೆಯುತ್ತದೆ. ಕೈ ಮಾತ್ರ ಇನ್ನೂ ಹಗುರವಾಗಿರಬೇಕು.

## ಶಾರ್ಟ್ ಆಗುವುದು ಎಲ್ಲಿ?

ಪಾಯಿಂಟಿನಲ್ಲಿ ಎರಡು ಹೊರಹಳಿಗಳಿವೆ. ಅವುಗಳ ಪಕ್ಕದಲ್ಲಿ ಆಚೀಚೆ ಸರಿಯುವ ಎರಡು ನಾಲಿಗೆ ಹಳಿಗಳಿವೆ. ನಾಲಿಗೆಗಳಿಂದ ಮುಂದೆ ಸಾಗಿದ ಒಳಹಳಿಗಳು ಸೇರುವ 'ವಿ' ಆಕಾರದ ಜಾಗವೇ ಫ್ರಾಗ್.

ಹಳೆಯ ಪಾಯಿಂಟುಗಳಲ್ಲಿ ಅನೇಕವು ಎರಡೂ ನಾಲಿಗೆ ಮತ್ತು ಫ್ರಾಗ್ ಒಂದೇ ತುಂಡು ಎಂಬಂತೆ ಕರೆಂಟ್ ಹಂಚಿಕೊಳ್ಳುತ್ತವೆ. ಮುಚ್ಚಿದ ನಾಲಿಗೆ ತನ್ನ ಹೊರಹಳಿಯಿಂದ ಕರೆಂಟ್ ತಂದು ಎಲ್ಲಕ್ಕೂ ಕೊಡುತ್ತದೆ. ಹಾಗಾಗಿ ತೆರೆದ ನಾಲಿಗೆಗೂ ಅದರ ಪಕ್ಕದ ಹೊರಹಳಿಗೂ ಧ್ರುವ ವಿರುದ್ಧ. ನಡುವೆ ಇರುವ ಜಾಗ ತೀರಾ ಕಡಿಮೆ. ಲೋಹದ ಚಕ್ರದ ಹಿಂಬದಿ ತೆರೆದ ನಾಲಿಗೆಯನ್ನು ಸವರಿದರೂ ಸಾಕು, ಶಾರ್ಟ್.

ಹಳಿಯ ವೋಲ್ಟೇಜ್ ಏರಿಸಿ ಇಳಿಸಿ ಇಂಜಿನ್ ಓಡಿಸುವ ಹಳೆಯ ಡಿಸಿ ಕಂಟ್ರೋಲರ್‌ನಲ್ಲಿ ಕ್ಷಣದ ಶಾರ್ಟ್ ಗೊತ್ತೇ ಆಗುತ್ತಿರಲಿಲ್ಲ. ಇಂಜಿನ್ ತನ್ನ ವೇಗದಲ್ಲೇ ದಾಟಿಬಿಡುತ್ತಿತ್ತು. ಡಿಸಿಸಿಯಲ್ಲಿ ಹಾಗಲ್ಲ. ಹಳಿಯಲ್ಲಿ ಯಾವಾಗಲೂ ಪೂರ್ತಿ ವೋಲ್ಟೇಜ್ ಇರುತ್ತದೆ. ಹಳಿಗೆ ಕರೆಂಟ್ ಕೊಡುವ ಬೂಸ್ಟರ್ ಶಾರ್ಟ್ ಕಂಡ ತಕ್ಷಣ ಕಡಿತ ಮಾಡುತ್ತದೆ, ಆ ಬೂಸ್ಟರಿನ ಮೇಲಿರುವ ಎಲ್ಲ ರೈಲೂ ನಿಲ್ಲುತ್ತದೆ. ಕಡಿತ ಮಾಡದಿದ್ದರೆ ಇನ್ನೂ ಕೆಟ್ಟದ್ದು. 15 ವೋಲ್ಟ್, 5 ಆಂಪಿಯರ್ ಎಂದರೆ 75 ವ್ಯಾಟ್. ಅಷ್ಟೂ ಶಾಖ ಒಂದು ಸಣ್ಣ ಚಕ್ರದ ಅಂಚಿನಲ್ಲಿ ಹುಟ್ಟಿದರೆ ಹಳಿ ಹೊರುವ ಪ್ಲಾಸ್ಟಿಕ್ ದಿಮ್ಮಿ, ಅಂದರೆ ಸ್ಲೀಪರ್, ಕರಗುವುದು ಖಂಡಿತ.

## ನಿಮ್ಮ ಪಾಯಿಂಟ್ ಯಾವ ಜಾತಿಯದು?

ಎಲ್ಲ ಹಳೆಯ ಪಾಯಿಂಟಿಗೂ ಈ ಶಸ್ತ್ರಚಿಕಿತ್ಸೆ ಬೇಕಿಲ್ಲ. ಪಾಯಿಂಟನ್ನು ಲೇಔಟಿನಿಂದ (ಹಳಿ ಹಾಸಿದ ಹಲಗೆಯಿಂದ) ಬಿಚ್ಚಿ ಮೇಜಿನ ಮೇಲಿಡಿ. ನಾಲಿಗೆಗಳನ್ನು ನಡುವೆ ನಿಲ್ಲಿಸಿ, ಎರಡೂ ಹೊರಹಳಿಗೆ ತಾಗದಂತೆ ಕಾಗದದ ಚೂರು ಸಿಕ್ಕಿಸಿ. ಮಲ್ಟಿಮೀಟರನ್ನು ಬೀಪ್ ಸ್ಥಾನಕ್ಕೆ ತಿರುಗಿಸಿ, ಮೂರು ಪರೀಕ್ಷೆ ಮಾಡಿ.

1. ಒಂದು ನಾಲಿಗೆಯಿಂದ ಇನ್ನೊಂದು ನಾಲಿಗೆಗೆ ಬೀಪ್ ಬರುತ್ತದೆಯೇ?
2. ಪ್ರತಿ ನಾಲಿಗೆಯಿಂದ ಅದರ ಪಕ್ಕದ ಹೊರಹಳಿಗೆ ಬೀಪ್ ಬರುತ್ತದೆಯೇ?
3. ಫ್ರಾಗ್ ಲೋಹದ್ದೇ, ಪ್ಲಾಸ್ಟಿಕ್ಕೇ? ಲೋಹದ್ದಾದರೆ ನಾಲಿಗೆಗೂ ಅದಕ್ಕೂ ಬೀಪ್ ಇದೆಯೇ?

ಮೊದಲನೆಯದಕ್ಕೆ ಬೀಪ್ ಬಂದು ಫ್ರಾಗ್ ಕೂಡ ಅದರ ಜೊತೆ ಸೇರಿದ್ದರೆ ಪೂರ್ತಿ ಕೆಲಸ ಮಾಡಬೇಕು. ವಾಲ್ಥರ್ಸ್ ಮಾರುತ್ತಿದ್ದ ಹಳೆಯ ಶಿನೊಹಾರಾ ಪಾಯಿಂಟುಗಳು, ಪೀಕೊ ಎಲೆಕ್ಟ್ರೊಫ್ರಾಗ್ ಈ ಗುಂಪಿಗೆ ಸೇರುತ್ತವೆ.

ನಾಲಿಗೆಗಳ ನಡುವೆ ಬೀಪ್ ಇಲ್ಲ, ಪ್ರತಿ ನಾಲಿಗೆಗೂ ತನ್ನ ಹೊರಹಳಿಯ ಜೊತೆ ಬೀಪ್ ಇದೆ ಎಂದರೆ ಅರ್ಧ ಕೆಲಸ ಕಾರ್ಖಾನೆಯಲ್ಲೇ ಆಗಿದೆ. ಅಟ್ಲಾಸ್ ಕಸ್ಟಮ್ ಲೈನ್ ಹೀಗೆಯೇ. ಅದಕ್ಕೆ ಗರಗಸ ಹಚ್ಚಬೇಡಿ. ಬೇಕೆನಿಸಿದರೆ ಫ್ರಾಗ್‌ಗೆ ಕರೆಂಟ್ ಕೊಡಿ, ಅಂದರೆ ನೇರ 5ನೇ ಹಂತಕ್ಕೆ ಹೋಗಿ.

ಪೀಕೊ ಇನ್ಸುಲ್‌ಫ್ರಾಗ್‌ನಲ್ಲಿ ಫ್ರಾಗ್ ಪ್ಲಾಸ್ಟಿಕ್ಕಿನದು. ಅಲ್ಲಿ ಶಾರ್ಟ್ ಆಗುವುದು ಫ್ರಾಗಿನ ತುದಿಯಲ್ಲಿ. ವಿರುದ್ಧ ಧ್ರುವದ ಎರಡು ಹಳಿಗಳು ತೀರಾ ಹತ್ತಿರ ಬಂದಿರುತ್ತವೆ, ಅಗಲ ಚಕ್ರ ಎರಡನ್ನೂ ಒಟ್ಟಿಗೆ ಮುಟ್ಟುತ್ತದೆ. ಮದ್ದು ಸುಲಭ: ಆ ಜಾಗದಲ್ಲಿ ಹಳಿಯ ನೆತ್ತಿಗೆ ಬಣ್ಣವಿಲ್ಲದ ನೇಲ್ ಪಾಲಿಷ್ ತೆಳುವಾಗಿ ಹಚ್ಚಿ. ಅದು ಸವೆಯುತ್ತದೆ, ಆಗಾಗ ಮತ್ತೆ ಹಚ್ಚಬೇಕು. ಅದರಿಂದಾಚೆ ಆ ಪಾಯಿಂಟನ್ನು ಕೆದಕಲು ಹೋಗಬೇಡಿ.

## ಬೇಕಾದ ಸಾಮಾನು

ಮಲ್ಟಿಮೀಟರ್ ಇಲ್ಲದೆ ಈ ಕೆಲಸಕ್ಕೆ ಇಳಿಯಲೇಬೇಡಿ. ಅದಾದ ಮೇಲೆ ಮುಖ್ಯವಾದದ್ದು ಸೋಲ್ಡರಿಂಗ್ ಐರನ್. ಇಲ್ಲೇ ಹಲವರು ಎಡವುತ್ತಾರೆ. 25 ವ್ಯಾಟಿನ ಸಣ್ಣ ಐರನ್‌ನಿಂದ ಹಳಿ ಬೇಗ ಬಿಸಿಯಾಗುವುದಿಲ್ಲ. ಬಿಸಿಯಾಗಲಿ ಎಂದು ಒತ್ತಿ ಹಿಡಿದಷ್ಟೂ ಸ್ಲೀಪರ್ ಕರಗುತ್ತದೆ. ಚಪ್ಪಟೆ ತುದಿಯ 50–60 ವ್ಯಾಟಿನ ಐರನ್ ತೆಗೆದುಕೊಳ್ಳಿ. ಎರಡು ಸೆಕೆಂಡಿನಲ್ಲಿ ಬೆಸುಗೆ ಹಾಕಿ ಎತ್ತಿಬಿಡಬಹುದು. ಫ್ಲಕ್ಸ್ ರಾಳದ್ದೇ ಇರಲಿ. ಆಸಿಡ್ ಫ್ಲಕ್ಸ್ ಹಳಿ ಮತ್ತು ವೈರನ್ನು ನಿಧಾನವಾಗಿ ತಿನ್ನುತ್ತದೆ.

ಹಳಿ ಕತ್ತರಿಸಲು ರೋಟರಿ ಟೂಲಿಗೆ ಹಾಕುವ ತೆಳು ಕಟಿಂಗ್ ಡಿಸ್ಕ್ ಬೇಕು, ಕಣ್ಣಿಗೆ ಕನ್ನಡಕವೂ ಬೇಕು. ಡಿಸ್ಕ್ ಓರೆಯಾದರೆ ಒಡೆದು ಚೂರು ಮುಖಕ್ಕೆ ಹಾರುತ್ತದೆ. ನನಗೆ ಅಕ್ಕಸಾಲಿಗರ ಸಣ್ಣ ಗರಗಸವೇ ಹೆಚ್ಚು ಇಷ್ಟ. ನಿಧಾನ, ಆದರೆ ಕೈ ಜಾರುವ ಭಯ ಇಲ್ಲ.

ಉಳಿದವು: ತಾಮ್ರದ ಲೇಪ ಇರುವ ಪಿಸಿಬಿ ಪಟ್ಟಿ, ಎರಡು ಟ್ಯೂಬಿನ ಅರಾಲ್ಡೈಟ್, ತೆಳು ಪ್ಲಾಸ್ಟಿಕ್ ಹಾಳೆ, ಸಣ್ಣ ಅರ, ಹಳಿಗೆ ಹಳಿ ಸೇರಿಸುವ ಪ್ಲಾಸ್ಟಿಕ್ ಜಾಯ್ನರ್. ಹಳಿಗೆ ಇಳಿಬಿಡುವ ಫೀಡರ್‌ಗೆ 0.5 ಚದರ ಮಿ.ಮೀ. ವೈರ್ ಸಾಕು. ಲೇಔಟಿನ ಕೆಳಗೆ ಓಡುವ ಮುಖ್ಯ ಲೈನಿಗೆ ಮನೆ ವೈರಿಂಗಿನ 2.5 ಚದರ ಮಿ.ಮೀ. ವೈರ್ ಹಾಕಿ. ಬೆಂಗಳೂರಿನವರಿಗೆ ಇದರಲ್ಲಿ ಬಹುಪಾಲು ಎಸ್‌ಪಿ ರೋಡಿನಲ್ಲಿ ಸಿಗುತ್ತದೆ. ಪ್ಲಾಸ್ಟಿಕ್ ಜಾಯ್ನರ್ ಮಾತ್ರ ಹವ್ಯಾಸದ ಅಂಗಡಿಯಿಂದಲೇ ತರಿಸಬೇಕು.

ಇನ್ನೊಂದು ಸಾಮಾನು ಯಾರೂ ಪಟ್ಟಿಯಲ್ಲಿ ಬರೆಯುವುದಿಲ್ಲ: ಗಾಡಿಯ ಇಂಡಿಕೇಟರಿಗೆ ಹಾಕುವ 12 ವೋಲ್ಟ್, 21 ವ್ಯಾಟಿನ ಬಲ್ಬ್. ಮೆಕ್ಯಾನಿಕ್ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ. 7ನೇ ಹಂತದಲ್ಲಿ ನಿಮ್ಮ ಬೂಸ್ಟರನ್ನು ಕಾಪಾಡುವುದು ಅದೇ.

ಅಂದಹಾಗೆ, ಅಮೆರಿಕದಿಂದ ಡಿಸಿಸಿ ಸೆಟ್ ತಂದವರು ಅಡಾಪ್ಟರಿನ ಮೇಲೆ ಏನು ಬರೆದಿದೆ ಎಂದು ಓದಿ. ಬರೀ 120 ವೋಲ್ಟ್ ಎಂದಿದ್ದರೆ ನಮ್ಮ 230ರ ಸಾಕೆಟ್ಟಿಗೆ ಚುಚ್ಚಿದ ಕ್ಷಣವೇ ಹವ್ಯಾಸ ಮುಗಿಯಿತು.

## ಹಂತ 1: ಬಣ್ಣದಲ್ಲಿ ಗುರುತು ಹಾಕಿ

ಪಾಯಿಂಟನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ. ನಾಲಿಗೆಗಳು ಎಡಕ್ಕೆ, ಫ್ರಾಗ್ ಬಲಕ್ಕೆ ಬರುವಂತೆ ಒಂದು ಬಿಳಿ ಹಾಳೆಯ ಮೇಲೆ ಅದರ ಚಿತ್ರ ಬರೆಯಿರಿ. ಒಂದು ಹೊರಹಳಿ ಕೆಂಪು, ಇನ್ನೊಂದು ಕಪ್ಪು. ಪ್ರತಿ ನಾಲಿಗೆಗೂ ಅದರ ಪಕ್ಕದ ಹೊರಹಳಿಯ ಬಣ್ಣವನ್ನೇ ಕೊಡಿ. ಫ್ರಾಗ್ ದಾಟಿದ ಮೇಲಿನ ಎರಡು ಒಳಹಳಿಗಳಲ್ಲಿ, ಯಾವುದು ಯಾವ ನಾಲಿಗೆಯ ನೇರಕ್ಕೆ ಮುಂದುವರಿಯುತ್ತದೋ ಅದಕ್ಕೆ ಆ ನಾಲಿಗೆಯ ಬಣ್ಣ. ಫ್ರಾಗ್ ಒಂದೇ ಬಿಳಿಯಾಗಿ ಉಳಿಯಲಿ.

ಈ ಚಿತ್ರ ಬಿಡಿಸಲು ಐದು ನಿಮಿಷ ಸಾಕು. ನಾನು ಮೊದಲ ಸಲ ಇದನ್ನು ಬಿಟ್ಟು ನೇರ ಗರಗಸ ಹಿಡಿದೆ. ಕತ್ತರಿಸಿದ್ದು ಹೊರಹಳಿಯನ್ನು! ಆ ಪಾಯಿಂಟ್ ಈಗಲೂ ನನ್ನ ಮೇಜಿನ ಮೇಲೆ ಕಾಗದ ಹಾರದಂತೆ ಕೂತಿದೆ.

## ಹಂತ 2: ಫ್ರಾಗನ್ನು ಬೇರೆ ಮಾಡಿ

ಮೊದಲು ಪಾಯಿಂಟಿನ ಹೊಟ್ಟೆ ನೋಡಿ. ಕೆಲವು ಎಲೆಕ್ಟ್ರೊಫ್ರಾಗ್‌ಗಳಲ್ಲಿ ಹಳಿ ಆಗಲೇ ಸೀಳಿರುತ್ತದೆ, ಆ ಸೀಳನ್ನು ಎರಡು ಸಣ್ಣ ತಂತಿಗಳು ಸೇರಿಸಿರುತ್ತವೆ. ಹಾಗಿದ್ದರೆ ಆ ತಂತಿಗಳನ್ನು ಕತ್ತರಿಸಿದರೆ ಸಾಕು, ಈ ಹಂತ ಮುಗಿಯಿತು.

ಇಲ್ಲದಿದ್ದರೆ ನಾಲಿಗೆಯ ಕೀಲಿನಿಂದ ಫ್ರಾಗಿನವರೆಗಿನ ಎರಡು ಒಳಹಳಿಗಳಲ್ಲಿ ಒಂದೊಂದು ಸೀಳು ಹಾಕಬೇಕು. ಎಲ್ಲಿ ಎನ್ನುವುದು ಮುಖ್ಯ. ಫ್ರಾಗಿಗೆ ಹತ್ತಿರ ಇರಲಿ, ಆದರೆ ಸೀಳಿನ ಎರಡೂ ಬದಿಯ ಹಳಿಯನ್ನು ಕನಿಷ್ಠ ಎರಡು ಸ್ಲೀಪರ್ ಹಿಡಿದಿರಬೇಕು. ಹಿಡಿತ ಇಲ್ಲದ ಹಳಿ ತುಂಡು ಮೊದಲ ಇಂಜಿನ್ನಿಗೇ ಎದ್ದು ನಿಲ್ಲುತ್ತದೆ. ಹಳೆಯ ಪ್ಲಾಸ್ಟಿಕ್ ಗಟ್ಟಿಯಾಗಿ ಒಡೆಯುವಂತಿದ್ದರೆ, ಕತ್ತರಿಸುವ ಮುಂಚೆಯೇ ಆ ಸ್ಲೀಪರುಗಳಿಗೆ ಹಳಿಯನ್ನು ಅರಾಲ್ಡೈಟ್‌ನಿಂದ ಅಂಟಿಸಿ ಒಂದು ರಾತ್ರಿ ಬಿಡಿ.

ಪಾಯಿಂಟನ್ನು ಹಲಗೆಗೆ ಬಿಗಿದು ನಿಧಾನವಾಗಿ ಕತ್ತರಿಸಿ. ಸೀಳನ್ನು ಖಾಲಿ ಬಿಡಬೇಡಿ. ಬೇಸಗೆಯಲ್ಲಿ ಹಳಿ ಹಿಗ್ಗುತ್ತದೆ, ಒಣ ಹವೆಯಲ್ಲಿ ಕೆಳಗಿನ ಮರ ಕುಗ್ಗುತ್ತದೆ. ಅರ್ಧ ಮಿಲಿಮೀಟರಿನ ಸೀಳು ಏಪ್ರಿಲ್ ಮಧ್ಯಾಹ್ನ ಮುಚ್ಚಿಕೊಂಡು ಬಿಡುತ್ತದೆ. ಸಂಜೆ ಪರೀಕ್ಷಿಸಿದರೆ ಎಲ್ಲ ಸರಿ! ಇಂಥ ಶಾರ್ಟ್ ಹುಡುಕುವಷ್ಟು ತಲೆನೋವು ಬೇರೆ ಇಲ್ಲ. ಸೀಳಿಗೆ ಪ್ಲಾಸ್ಟಿಕ್ ಚೂರು ತುರುಕಿ, ಅರಾಲ್ಡೈಟ್ ಹಾಕಿ, ಒಣಗಿದ ಮೇಲೆ ಹಳಿಯ ಆಕಾರಕ್ಕೆ ಅರದಿಂದ ಉಜ್ಜಿ.

ಈಗ ಬೀಪ್ ಪರೀಕ್ಷೆ: ಫ್ರಾಗಿನಿಂದ ಯಾವ ನಾಲಿಗೆಗೂ ಸದ್ದು ಬರಬಾರದು.

## ಹಂತ 3: ನಾಲಿಗೆಗಳನ್ನು ಒಂದರಿಂದ ಒಂದು ಬಿಡಿಸಿ

ಎರಡು ನಾಲಿಗೆಗಳ ತುದಿಯನ್ನು ಹಿಡಿದಿರುವ ಅಡ್ಡಪಟ್ಟಿ ಪ್ಲಾಸ್ಟಿಕ್ಕಿನದಾಗಿದ್ದರೆ ಈ ಹಂತ ಬೇಡ. ಎಲೆಕ್ಟ್ರೊಫ್ರಾಗ್ ಹಾಗೆಯೇ. ಮಲ್ಟಿಮೀಟರ್ ಇನ್ನೂ ಬೀಪ್ ಎನ್ನುತ್ತಿದ್ದರೆ ಪಟ್ಟಿ ಲೋಹದ್ದು. ಹಳೆಯ ಶಿನೊಹಾರಾದಲ್ಲಿ ಇದೇ ಕಾಣುತ್ತದೆ.

ಅದನ್ನು ತೆಗೆದು ಅದೇ ಅಗಲದ ಪಿಸಿಬಿ ಪಟ್ಟಿ ಹಾಕಿ. ಪಟ್ಟಿಯ ನಡುವೆ ತಾಮ್ರವನ್ನು ಅರದಿಂದ ಪೂರ್ತಿ ಕೆರೆಯಿರಿ. ಎರಡೂ ಬದಿ ತಾಮ್ರ ಇದ್ದರೆ ಎರಡೂ ಬದಿ ಕೆರೆಯಬೇಕು. ಕೆಳಬದಿ ಮರೆತುಹೋಗುವುದೇ ಹೆಚ್ಚು. ನಾಲಿಗೆಯನ್ನು ಬೆಸೆಯುವಾಗ ಅದಕ್ಕೂ ಹೊರಹಳಿಗೂ ನಡುವೆ ಎಣ್ಣೆ ಸವರಿದ ಕಾಗದ ಇಡಿ, ಇಲ್ಲವಾದರೆ ಮೂರೂ ಸೇರಿ ಒಂದಾಗುತ್ತವೆ. ತೆರೆದ ನಾಲಿಗೆಗೂ ಹೊರಹಳಿಗೂ ಮೊದಲು ಎಷ್ಟು ಜಾಗ ಇತ್ತೋ ಅಷ್ಟೇ ಇರಲಿ.

## ಹಂತ 4: ಪ್ರತಿ ನಾಲಿಗೆಯನ್ನು ಅದರ ಹೊರಹಳಿಗೆ ಕಟ್ಟಿ

ಪಾಯಿಂಟನ್ನು ಮಗುಚಿ. ಕೀಲು ಮತ್ತು ಸೀಳಿನ ನಡುವೆ ಅಲ್ಲಾಡದ ಒಳಹಳಿ ಇದೆಯಲ್ಲ, ಅಲ್ಲಿಂದ ಪಕ್ಕದ ಹೊರಹಳಿಗೆ ಒಂದು ಗಿಡ್ಡ ತಂತಿ ಬೆಸೆಯಿರಿ. ಎರಡೂ ಬದಿಗೂ ಹೀಗೆಯೇ. ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ. ಬಿಸಿ ಹರಡದಂತೆ ಆಚೀಚೆ ಒದ್ದೆ ಹತ್ತಿ ಇಡಿ.

ತಂತಿಯನ್ನು ಅಲ್ಲಾಡುವ ನಾಲಿಗೆಗೆ ಬೆಸೆಯಬೇಡಿ. ಗಟ್ಟಿ ತಂತಿ ನಾಲಿಗೆಯನ್ನು ಎಳೆದು ಹಿಡಿಯುತ್ತದೆ, ಪಾಯಿಂಟ್ ಪೂರ್ತಿ ಮುಚ್ಚುವುದಿಲ್ಲ. ಕೀಲು ಸವೆದು ಕರೆಂಟ್ ಬಿಟ್ಟುಬಿಟ್ಟು ಬರುತ್ತಿದ್ದರೆ ಮಾತ್ರ ನಾಲಿಗೆಯ ಬುಡಕ್ಕೆ ಕೂದಲಿನಂಥ ಮೆತ್ತನೆಯ ವೈರ್ ಹಾಕಿ, ಸ್ವಲ್ಪ ಸಡಿಲ ಬಿಡಿ.

ಇಷ್ಟಾದ ಮೇಲೆ ತೆರೆದ ನಾಲಿಗೆಗೂ ಅದರ ಹೊರಹಳಿಗೂ ಒಂದೇ ಬಣ್ಣ. ಚಕ್ರ ಎಷ್ಟು ಸವರಿದರೂ ಶಾರ್ಟ್ ಆಗುವುದಿಲ್ಲ.

## ಹಂತ 5: ಫ್ರಾಗ್‌ಗೆ ಕರೆಂಟ್

ಫ್ರಾಗ್ ಈಗ ಸತ್ತ ತುಂಡು. ಉದ್ದನೆಯ, ಎಲ್ಲ ಚಕ್ರದಿಂದ ಕರೆಂಟ್ ತೆಗೆಯುವ ಇಂಜಿನ್ ಅದನ್ನು ದಾಟಿ ಹೋಗುತ್ತದೆ. ಗಿಡ್ಡ ಶಂಟಿಂಗ್ ಇಂಜಿನ್ ಅಲ್ಲೇ ನಿಲ್ಲುತ್ತದೆ. ಹಾಗಾಗಿ ಫ್ರಾಗಿನ ತಳಕ್ಕೆ ಒಂದು ವೈರ್ ಬೆಸೆದು, ಪಾಯಿಂಟ್ ತಿರುಗಿದಂತೆ ಧ್ರುವವೂ ಬದಲಾಗುವ ಹಾಗೆ ಮಾಡಬೇಕು.

ನೆನಪಿಡಬೇಕಾದದ್ದು ಇಷ್ಟೇ: ಪಾಯಿಂಟ್ ನೇರ ದಾರಿಗೆ ಇದ್ದಾಗ ಫ್ರಾಗ್‌ಗೆ ಬಾಗಿದ ಹೊರಹಳಿಯ ಬಣ್ಣ. ತಿರುವಿನ ದಾರಿಗೆ ಇದ್ದಾಗ ನೇರ ಹೊರಹಳಿಯ ಬಣ್ಣ. ಎಡ ಪಾಯಿಂಟಿಗೂ ಬಲ ಪಾಯಿಂಟಿಗೂ ಇದೇ ನಿಯಮ.

ಬದಲಿಸುವುದಕ್ಕೆ ಮೂರು ದಾರಿಗಳಿವೆ. ಅಡ್ಡಪಟ್ಟಿಗೆ ತಾಗುವ ಮೈಕ್ರೊಸ್ವಿಚ್ ಅಗ್ಗದ್ದು. ಪಾಯಿಂಟ್ ತಿರುಗಿಸಲು ಟಾರ್ಟಾಯ್ಸ್ ಎಂಬ ಮೋಟಾರು ಹಾಕುವವರಿಗೆ ಸ್ವಿಚ್ ಅದರೊಳಗೇ ಇದೆ: 4ನೇ ಕಾಲಿಗೆ ಫ್ರಾಗ್, 2 ಮತ್ತು 3ಕ್ಕೆ ಎರಡು ಹೊರಹಳಿಗಳ ಲೈನ್. ಮೂರನೆಯದು ಫ್ರಾಗ್ ಜ್ಯೂಸರ್ ಎಂಬ ಎಲೆಕ್ಟ್ರಾನಿಕ್ ಹಲಗೆ. ಶಾರ್ಟ್ ಕಂಡ ಕೂಡಲೇ ಧ್ರುವವನ್ನು ತಾನೇ ಬದಲಿಸುತ್ತದೆ. ಕೈಯಿಂದ ತಳ್ಳುವ ಪಾಯಿಂಟಿಗೆ ಇದೇ ಒಳ್ಳೆಯದು. ಒಂದು ಫ್ರಾಗ್‌ಗೆ ಸ್ವಿಚ್ಚೂ ಜ್ಯೂಸರೂ ಎರಡನ್ನೂ ಕೊಡಬೇಡಿ, ಒಂದರ ಜೊತೆ ಒಂದು ಜಗಳ ಆಡುತ್ತವೆ.

## ಹಂತ 6: ಮತ್ತೆ ಲೇಔಟಿಗೆ

ಫ್ರಾಗಿನ ಆಚೆಯ ಎರಡು ಒಳಹಳಿಗಳಿಗೂ ಪ್ಲಾಸ್ಟಿಕ್ ಜಾಯ್ನರ್ ಹಾಕಿ. ಹೊರಹಳಿಗಳಿಗೆ ಲೋಹದ ಜಾಯ್ನರ್ ಇರಲಿ. ಈ ಎರಡು ಜಾಯ್ನರ್ ಮರೆತರೆ ಫ್ರಾಗ್ ಮುಂದಿನ ಹಳಿಯ ಮೂಲಕ ಮತ್ತೆ ಲೈನಿಗೆ ಸೇರಿಕೊಳ್ಳುತ್ತದೆ. ಅಲ್ಲಿಗೆ ಇಷ್ಟು ಹೊತ್ತು ಮಾಡಿದ್ದೆಲ್ಲ ದಂಡ.

ಜಾಯ್ನರಿನಿಂದಾಚೆ ಎರಡೂ ದಾರಿಗೆ ಬೇರೆ ಬೇರೆ ಫೀಡರ್ ಕೊಡಿ, ಬಣ್ಣ ನೋಡಿಕೊಂಡು. ಈ ಮೊದಲೆಲ್ಲ ಪಾಯಿಂಟ್ ತಿರುಗಿಸಿದರೆ ಸೈಡಿಂಗ್ (ರೈಲು ನಿಲ್ಲಿಸುವ ಪಕ್ಕದ ಹಳಿ) ತಾನಾಗಿ ಕರೆಂಟ್ ಕಳೆದುಕೊಳ್ಳುತ್ತಿತ್ತು. ಇನ್ನು ಹಾಗಾಗುವುದಿಲ್ಲ. ಡಿಕೋಡರ್ ಇಲ್ಲದ ಹಳೆಯ ಡಿಸಿ ಇಂಜಿನ್ನನ್ನು ಅಲ್ಲಿ ನಿಲ್ಲಿಸುವ ಅಭ್ಯಾಸ ಇದ್ದರೆ ಈಗಲೇ ಎತ್ತಿಡಿ. ಡಿಸಿಸಿ ಹಳಿಯ ಮೇಲೆ ಸುಮ್ನೆ ನಿಂತಿದ್ದರೂ ಅದರ ಮೋಟಾರು ಕಾದು ಸುಡುತ್ತದೆ.

## ಹಂತ 7: ಬಲ್ಬು, ನಾಣ್ಯ, ಆಮೇಲೆ ಇಂಜಿನ್

ಬೂಸ್ಟರಿನಿಂದ ಈ ಪಾಯಿಂಟಿಗೆ ಬರುವ ಒಂದು ವೈರನ್ನು ಬಿಡಿಸಿ, ನಡುವೆ ಇಂಡಿಕೇಟರ್ ಬಲ್ಬ್ ಸೇರಿಸಿ. ಹಳಿಯ ಮೇಲೆ ಏನೂ ಇಡದೆ ಕರೆಂಟ್ ಹಾಕಿ. ಬಲ್ಬ್ ಉರಿಯದಿದ್ದರೆ ಒಳ್ಳೆಯದು. ಜೋರಾಗಿ ಉರಿದರೆ ಶಾರ್ಟ್ ಇದೆ ಎಂದರ್ಥ. ಆದರೂ ಕರೆಂಟ್ ಸುಮಾರು 2 ಆಂಪಿಯರ್ ದಾಟುವುದಿಲ್ಲ, ನಿಧಾನವಾಗಿ ಹುಡುಕಬಹುದು. ಬಲ್ಬ್ ತುಂಬಾ ಕಾಯುತ್ತದೆ, ಪ್ಲಾಸ್ಟಿಕ್ಕಿನಿಂದ ದೂರ ಇಡಿ.

ಪಾಯಿಂಟನ್ನು ಎರಡೂ ಕಡೆ ತಿರುಗಿಸಿ, ಲೋಹದ ಚಕ್ರದ ಒಂದು ವ್ಯಾಗನ್ನನ್ನು ಎಲ್ಲ ದಾರಿಯಲ್ಲೂ ಕೈಯಿಂದ ತಳ್ಳಿ. ಬಲ್ಬ್ ಎಲ್ಲಿ ಮಿಣುಕುತ್ತದೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ.

ಬಲ್ಬ್ ತೆಗೆದು ನಾಣ್ಯದ ಪರೀಕ್ಷೆ. ಅಮೆರಿಕದವರು ಕ್ವಾರ್ಟರ್ ಇಟ್ಟು ನೋಡುತ್ತಾರೆ, ನಮಗೆ ರೂಪಾಯಿ ಸಾಕು. ಹೊರಹಳಿಗಳ ಮೇಲೆ, ಫ್ರಾಗಿನ ಆಚೆಯ ಪ್ರತಿ ದಾರಿಯ ಮೇಲೆ ನಾಣ್ಯ ಅಡ್ಡ ಇಡಿ. ಪ್ರತಿ ಸಲವೂ ಬೂಸ್ಟರ್ ತಕ್ಷಣ ಕಡಿತ ಮಾಡಬೇಕು. ಎಲ್ಲಿಯಾದರೂ ಮಾಡದಿದ್ದರೆ ಅಲ್ಲಿಗೆ ಹೋಗುವ ವೈರ್ ತೆಳುವಾಗಿದೆ ಅಥವಾ ಜಾಯ್ನರ್ ಸಡಿಲವಾಗಿದೆ. ಬೇರೆ ಫೀಡರ್ ಹಾಕದೆ ಅಲ್ಲಿ ರೈಲು ಓಡಿಸಬೇಡಿ.

ಇದೆಲ್ಲ ಆದ ಮೇಲೆ ಇಂಜಿನ್. ತೀರಾ ನಿಧಾನವಾಗಿ.

## ಹಂತ 8: ಮೋಟಾರು ಮತ್ತು ಡಿಕೋಡರ್

ಡಿಕೋಡರ್ ಕೊಳ್ಳುವ ಮುಂಚೆ ನಿಮ್ಮ ಮೋಟಾರು ಯಾವುದು ನೋಡಿ. ಪೀಕೊ ಪಿಎಲ್-10ರಂಥ ಎರಡು ಕಾಯಿಲಿನ ಮೋಟಾರಿಗೆ ಕ್ಷಣದ ಜೋರು ಏಟು ಬೇಕು. ಒಂದೆರಡು ಸೆಕೆಂಡ್ ಜಾಸ್ತಿ ಕರೆಂಟ್ ಹರಿದರೂ ಕಾಯಿಲ್ ಸುಟ್ಟುಹೋಗುತ್ತದೆ. ಟಾರ್ಟಾಯ್ಸ್‌ನಂಥ ನಿಧಾನದ ಮೋಟಾರು ಇದರ ತದ್ವಿರುದ್ಧ. ಅದಕ್ಕೆ ಸದಾ ಕರೆಂಟ್ ಇರಬೇಕು, ತಡೆದು ನಿಂತಾಗಲೂ ಇಪ್ಪತ್ತು ಮಿಲಿಆಂಪಿಯರ್ ಆಸುಪಾಸಿನಲ್ಲೇ ಇರುತ್ತದೆ. ಒಂದಕ್ಕೆ ಮಾಡಿದ ಡಿಕೋಡರ್ ಇನ್ನೊಂದಕ್ಕೆ ಆಗುವುದಿಲ್ಲ. ಎನ್‌ಸಿಇ ಕಂಪನಿಯ ಡಿಕೋಡರುಗಳಲ್ಲಿ ಸ್ನ್ಯಾಪ್-ಇಟ್ ಕಾಯಿಲಿಗೆ, ಸ್ವಿಚ್-ಇಟ್ ನಿಧಾನದ ಮೋಟಾರಿಗೆ. ಡಿಜಿಟ್ರಾಕ್ಸ್ ಡಿಎಸ್64 ಎರಡಕ್ಕೂ ಆಗುತ್ತದೆ, ಆದರೆ ಅದರ ನಾಲ್ಕೂ ಔಟ್‌ಪುಟ್‌ಗೆ ಒಂದೇ ಜಾತಿಯ ಮೋಟಾರು ಇರಬೇಕು.

ಪೀಕೊ ಪಾಯಿಂಟಿಗೆ ನಿಧಾನದ ಮೋಟಾರು ಹಾಕುವುದಾದರೆ ಅದರೊಳಗಿನ ಸಣ್ಣ ಸ್ಪ್ರಿಂಗ್ ತೆಗೆದುಬಿಡಿ. ಇಲ್ಲದಿದ್ದರೆ ನಾಲಿಗೆ ಅರ್ಧಕ್ಕೆ ನಿಲ್ಲಬಹುದು.

ಡಿಕೋಡರಿಗೆ ನಂಬರ್, ಅಂದರೆ ಆದೇಶ ಕಳಿಸುವ ವಿಳಾಸ, ಕೊಡುವಾಗ ಒಂದು ಸಲಕ್ಕೆ ಒಂದೇ ಡಿಕೋಡರ್ ಲೈನಿನಲ್ಲಿರಲಿ. ಎರಡು ಒಟ್ಟಿಗೆ ಕಲಿತರೆ ಎರಡಕ್ಕೂ ಅದೇ ನಂಬರ್ ಬರಬಹುದು.

ಡಿಕೋಡರ್‌ಗೆ ಹಳಿಯಿಂದಲೇ ಕರೆಂಟ್ ಕೊಡುವುದು ಇಲ್ಲಿನ ದೊಡ್ಡ ತಪ್ಪು. ತಪ್ಪಾಗಿ ತಿರುಗಿದ ಪಾಯಿಂಟಿನ ಮೇಲೆ ಫ್ರಾಗ್ ಕಡೆಯಿಂದ ಇಂಜಿನ್ ಬಂದರೆ ಶಾರ್ಟ್ ಆಗುತ್ತದೆ. ಹಳಿಯ ಕರೆಂಟ್ ಹೋಗುತ್ತದೆ, ಅದರ ಜೊತೆ ಡಿಕೋಡರಿನದೂ ಹೋಗುತ್ತದೆ. ಪಾಯಿಂಟ್ ತಿರುಗಿಸಿದರೆ ಶಾರ್ಟ್ ಬಿಡುತ್ತದೆ, ಆದರೆ ತಿರುಗಿಸಲು ಕರೆಂಟ್ ಇಲ್ಲ! ಹಾಗಾಗಿ ಡಿಕೋಡರುಗಳಿಗೆ ಬೇರೆಯೇ ಲೈನ್ ಎಳೆಯಿರಿ, ಹಳಿಯ ಲೈನಿಗೆ ಮಾತ್ರ ಸರ್ಕ್ಯೂಟ್ ಬ್ರೇಕರ್ ಹಾಕಿ. ಬ್ರೇಕರ್ ಬೂಸ್ಟರಿಗಿಂತ ಮೊದಲು ಬೀಳುವಂತೆ ಇರಲಿ.

## ತೊಂದರೆ ಕಂಡಾಗ ಎಲ್ಲಿ ನೋಡಬೇಕು

ಎರಡೂ ದಾರಿಯಲ್ಲಿ, ಚಕ್ರ ಫ್ರಾಗ್ ಮುಟ್ಟಿದ ಕ್ಷಣ ಶಾರ್ಟ್: ಫ್ರಾಗಿನ ಧ್ರುವ ಉಲ್ಟಾ. 2 ಮತ್ತು 3ನೇ ಕಾಲಿನ ವೈರ್ ಅದಲುಬದಲು ಮಾಡಿ.

ಒಂದೇ ದಾರಿಯಲ್ಲಿ ಶಾರ್ಟ್: ಸ್ವಿಚ್ ಪೂರ್ತಿ ಬದಲಾಗುತ್ತಿಲ್ಲ. ಮೋಟಾರನ್ನು ಕೂದಲೆಳೆಯಷ್ಟು ಸರಿಸಿ ನೋಡಿ.

ಒಂದೇ ವ್ಯಾಗನ್ ಬಂದಾಗ ಶಾರ್ಟ್ ಅಥವಾ ಹಳಿ ತಪ್ಪುವುದು: ಪಾಯಿಂಟನ್ನು ಬೈಯಬೇಡಿ. ಚಕ್ರಗಳ ಒಳ ಅಂತರ ಎಚ್‌ಒದಲ್ಲಿ ಸುಮಾರು 14.4 ಮಿ.ಮೀ. ಇರಬೇಕು. ಅಮೆರಿಕದ ಮಾಡೆಲ್ ರೈಲು ಹವ್ಯಾಸಿಗಳ ಸಂಘ ಎನ್‌ಎಂಆರ್‌ಎಯ ಅಳತೆ ಗೇಜಿನಿಂದ ಅಳೆದು ಸರಿಮಾಡಿ.

ಮಧ್ಯಾಹ್ನ ಶಾರ್ಟ್, ರಾತ್ರಿ ಸರಿ: ಸೀಳು ಮುಚ್ಚಿಕೊಂಡಿದೆ. 2ನೇ ಹಂತಕ್ಕೆ ವಾಪಸ್.

ನಾಲಿಗೆ ತುದಿ ಕಪ್ಪಾಗಿದೆ, ಸ್ಲೀಪರ್ ಸೊಟ್ಟಗಾಗಿದೆ: ಬೂಸ್ಟರ್ ಕಡಿತ ಮಾಡದೆ ಶಾರ್ಟ್ ಎಳೆಯುತ್ತಿದೆ. ಈಗಲೇ ಆಫ್ ಮಾಡಿ, ನಾಣ್ಯದ ಪರೀಕ್ಷೆಯಿಂದ ಮತ್ತೆ ಶುರು ಮಾಡಿ.

ಇಂಜಿನ್ ಸುತ್ತು ಹಾಕಿ ಅದೇ ಪಾಯಿಂಟಿಗೆ ಎದುರು ಮುಖವಾಗಿ ಬಂದಾಗ ಮಾತ್ರ ಶಾರ್ಟ್: ಅದು ರಿವರ್ಸಿಂಗ್ ಲೂಪ್. ಪಾಯಿಂಟನ್ನು ಎಷ್ಟು ಕತ್ತರಿಸಿದರೂ ಹೋಗುವುದಿಲ್ಲ. ಸುತ್ತಿನ ಎರಡೂ ತುದಿಯಲ್ಲಿ ಎರಡೂ ಹಳಿ ಸೀಳಿ, ಧ್ರುವವನ್ನು ತಾನೇ ಬದಲಿಸುವ ಆಟೊ ರಿವರ್ಸರ್ ಹಾಕಬೇಕು.

ಪಾಯಿಂಟನ್ನು ಅಂಟಿಸುವ ಮುಂಚೆ 1ನೇ ಹಂತದಲ್ಲಿ ಬಿಡಿಸಿದ ಚಿತ್ರವನ್ನು ಹಲಗೆಯ ಕೆಳಬದಿಗೆ ಅಂಟಿಸಿ. ಡಿಕೋಡರಿನ ನಂಬರನ್ನೂ ಅದರ ಮೇಲೆಯೇ ಬರೆಯಿರಿ.